ಹಿಂದಿನ ಬಲಗಡೆಯ ಸ್ಪೀಕರ್

"ಇದು ಮೂರನೇ ಸಲ," ಎನ್ನುತ್ತ ಕಿವಿ ಸಾರ್ ಸುಟ್ಟ ಸ್ಪೀಕರನ್ನು ಟೀಪಾಯಿಯ ಮೇಲಿಟ್ಟರು. "ಆರು ತಿಂಗಳಲ್ಲಿ ಮೂರು. ಎಲ್ಲಾ ಅದೇ ಜಾಗದ್ದು, ಹಿಂದಿನ ಬಲಗಡೆಯದು. ಬೇಜಾರು ಮಾಡ್ಕೋಬೇಡಮ್ಮ, ನಿನ್ನ ಕೈಗುಣಾನೇ ಸರಿ ಇಲ್ವೇನೋ ಅನ್ಸುತ್ತೆ."

ಸುಟ್ಟ ಸ್ಪೀಕರಿನೊಳಗಿನ ತಂತಿಸುರುಳಿಯನ್ನು ಹೊಸದಾಗಿ ಸುತ್ತಿಕೊಡುವ ಕಾಯಿಲ್ ಅಕ್ಕ ಬೇಜಾರು ಮಾಡಿಕೊಂಡಳು. ಬೇರೆ ಯಾರಾದರೂ ಅಂದಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇವರು ಮೂವತ್ತೆರಡು ವರ್ಷ ಸಿನಿಮಾ ಥಿಯೇಟರಿನಲ್ಲಿ ಸೌಂಡ್ ನೋಡಿಕೊಂಡವರು. ರಿಪೇರಿ ಅಂಗಡಿಗಳ ಗಲ್ಲಿಯಲ್ಲಿ ಬಾಗಿಲಾಚೆ ನಿಂತೇ ಯಾವ ಸ್ಪೀಕರ್ ಹರಿದಿದೆ ಎಂದು ಹೇಳುತ್ತಿದ್ದವರು. 'ಕಿವಿ' ಎಂಬ ಹೆಸರು ಗಲ್ಲಿಯೇ ಅವರಿಗೆ ಇಟ್ಟದ್ದು. ಅವರ ಬಾಯಲ್ಲಿ 'ಕಾಯಿಲ್ ಸರಿಯಾಗಿ ಸುತ್ತಲ್ಲ' ಎಂಬ ಮಾತು ಒಮ್ಮೆ ಬಂದರೆ ಅವಳ ಹತ್ತೊಂಬತ್ತು ವರ್ಷದ ಕೆಲಸ ನೀರುಪಾಲು. ಅದಕ್ಕೇ, ಎಂದೂ ಯಾರ ಮನೆಗೂ ಹೋಗದವಳು ಇವತ್ತು ಬೆಳಿಗ್ಗೆ ಅಂಗಡಿಯ ಶಟರ್ ಎಳೆದು ಇಲ್ಲಿಗೆ ಬಂದಿದ್ದಳು.

ಹಾಲಿನ ನಟ್ಟನಡುವೆ ಒಂದು ಕುರ್ಚಿ. ಅದರ ನಾಲ್ಕು ಕಾಲಿಗೂ ನೆಲದ ಮೇಲೆ ಟೇಪಿನ ಗುರುತು. ಟಿವಿಯ ಅಕ್ಕಪಕ್ಕ ಸೊಂಟದೆತ್ತರದ ಎರಡು ಸ್ಪೀಕರ್, ನಡುವೆ ಒಂದು, ಹಿಂದಿನ ಗೋಡೆಯ ಎರಡು ಮೂಲೆಗಳಲ್ಲಿ ಅಂಗೈಯಗಲದ ಎರಡು. ಈಗ ಬಲಮೂಲೆ ಖಾಲಿ, ಎರಡು ವೈರು ಇಳಿಬಿದ್ದಿದ್ದವು. ಸಾರ್ ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಬೀನ್ಸಿನ ನಾರು ತೆಗೆಯುತ್ತಿದ್ದರು.

ಅವಳು ಸ್ಪೀಕರ್ ಬಿಚ್ಚಿದಳು. ಸುಟ್ಟ ವಾರ್ನಿಶಿನ ವಾಸನೆ ಬಂತು. ಕಾಯಿಲ್ ಕರಕಲಾಗಿತ್ತು. ಬೆಳಕಿಗೆ ಹಿಡಿದು ನೋಡಿದವಳು ಮುಖ ಎತ್ತಿದಳು.

"ಸಾರ್, ಹೋದ ಸಲ ಎಡಗಡೆಯದನ್ನ ಬಲಕ್ಕೆ, ಬಲಗಡೆಯದನ್ನ ಎಡಕ್ಕೆ ಹಾಕಿ ಅಂದಿದ್ದೆ. ಹಾಕಿದ್ರಾ?"

"ಹಾಕಿದ್ನಲ್ಲ."

"ಹಾಗಾದ್ರೆ ಇದು ನಾನು ಸುತ್ತಿದ್ದಲ್ಲ, ಕಂಪನಿ ಕಾಯಿಲು. ನಾನು ಸುತ್ತಿದ್ದು ಅಗೋ, ಎಡಗಡೆ ನೆಟ್ಟಗೆ ಕೂತಿದೆ."

ಸಾರ್ ಎದ್ದು ಹೋಗಿ ಎಡಮೂಲೆಯದನ್ನು ನೋಡಿ ಬಂದರು. ತಪ್ಪಾಯಿತು ಎನ್ನುವ ಜಾಯಮಾನದವರಲ್ಲ. "ಸರಿ ಬಿಡು, ಆಂಪ್ಲಿಫೈಯರೇ ಕೆಟ್ಟಿರಬೇಕು," ಎಂದರು. ಕಾಯಿಲ್ ಅಕ್ಕನಿಗೆ ಅಷ್ಟೇ ಸಾಕಾಗಿತ್ತು. ಬಂದ ಕೆಲಸ ಮುಗಿದಿತ್ತು, ಎದ್ದು ಹೋಗಬಹುದಿತ್ತು. ಆದರೆ ಕಾರಣ ತಿಳಿಯದೆ ಹೋಗುವುದು ಅವಳ ಕೈಲಾಗದ ಕೆಲಸ. ಟಿವಿಯಲ್ಲಿ ಆಂಪ್ಲಿಫೈಯರಿನ ಪಟ್ಟಿ ತೆರೆದಳು. ಯಾವ ಸ್ಪೀಕರಿಗೆ ಎಷ್ಟು ಏರಿಸಿದೆ ಎಂಬುದು ಸಾಲಾಗಿ ಬಂತು. ಎಡಗಡೆಯವು ಎರಡೂ ಸೊನ್ನೆ. ಮುಂದಿನ ಬಲಕ್ಕೆ ನಾಲ್ಕು. ಹಿಂದಿನ ಬಲಕ್ಕೆ ಹತ್ತು.

"ಇದನ್ನ ಯಾರು ಇಟ್ಟಿದ್ದು ಸಾರ್?"

"ಇನ್ಯಾರು? ತಿಂಗಳಿಗೊಂದ್ಸಲ ಕೂತು ನಾನೇ ಸಮ ಮಾಡ್ತೀನಿ. ಕಂಪನಿಯವರು ಅದಕ್ಕೊಂದು ಮೈಕು ಕೊಟ್ಟಿದಾರೆ, ಸದ್ದು ತಾನೇ ಅಳೆದು ಸಮ ಮಾಡುತ್ತಂತೆ. ನಂಗೇ ಹೇಳಿಕೊಡೋಕೆ."

"ಹತ್ತು ಅಂದ್ರೆ ಹತ್ತು ಪಟ್ಟು ಹೊರೆ. ಮುಂದಿನದು ದೊಡ್ಡದು, ತಡ್ಕೊಂಡಿದೆ. ಇದು ಇಷ್ಟೇ ಇಷ್ಟು. ಅದರ ಮೇಲೆ ವಾಲ್ಯೂಮ್ ಏರಿಸಿದ್ರೆ ಆಂಪ್ಲಿಫೈಯರ್ ಕೈಲಾಗದೆ ಹರಿದ ಸದ್ದು ಕಳಿಸುತ್ತೆ. ಅದೇ ಕಾಯಿಲ್ ಸುಡೋದು. ಇದನ್ನ ನಂಗೆ ಕಲಿಸಿದ್ದೇ ನೀವು."

"ಅದು ಮಂಕಾಗಿ ಕೇಳುತ್ತಮ್ಮ," ಎಂದರು ಸಾರ್. "ಅದಕ್ಕೇ ಏರಿಸಿದ್ದು."

ಅವಳು ಪಟ್ಟಿಯಿಂದ ಕಣ್ಣು ತೆಗೆದು ಅವರತ್ತ ನೋಡಿದಳು. ಹರಿದ ಸದ್ದನ್ನು ಬೀದಿಯಿಂದಲೇ ಹಿಡಿಯುತ್ತಿದ್ದ ಮನುಷ್ಯ ಈ ಕುರ್ಚಿಯಲ್ಲಿ ಕೂತು, ಸ್ಪೀಕರ್ ಸುಡುವವರೆಗೂ ಅದನ್ನು ಹಿಡಿದಿರಲಿಲ್ಲ. ಆಂಪ್ಲಿಫೈಯರ್ ಮೇಲೆ ಗೂಬೆ ಕೂರಿಸಿ ಹೊರಟುಬಿಡಲೇ ಎಂದು ಒಂದು ಗಳಿಗೆ ಯೋಚಿಸಿದಳು. ಹೊರಟರೆ ನಾಲ್ಕನೆಯದೂ ಸುಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಇವರಿಗೆ ಸುಳ್ಳು ಹೇಳಿ ಆ ಗಲ್ಲಿಯಲ್ಲಿ ಕೂತು ಕೆಲಸ ಮಾಡುವುದು ಅವಳಿಂದ ಆಗುತ್ತಿರಲಿಲ್ಲ.

ಚೀಲದಲ್ಲಿ ತಂದಿದ್ದ ಬದಲಿ ಸ್ಪೀಕರನ್ನು ಬಲಮೂಲೆಗೆ ಸಿಕ್ಕಿಸಿ ಎಲ್ಲವನ್ನೂ ಸೊನ್ನೆಗೆ ಇಳಿಸಿದಳು. ಪರೀಕ್ಷೆಯ ಸದ್ದು ಹಾಕಿದಳು. ನಲ್ಲಿ ಬಿಟ್ಟಂಥ 'ಶ್' ಎಂಬ ಸದ್ದು ಹಿಂದಿನ ಎಡಮೂಲೆಯಲ್ಲಿ ಎದ್ದು, ನಿಂತು, ಬಲಮೂಲೆಗೆ ಹೋಯಿತು. ಸಾರ್ ಎಂದಿನಂತೆ ಕಣ್ಣು ಮುಚ್ಚಿ ಕೇಳುತ್ತಿದ್ದರು.

"ನೋಡು, ಬಲಗಡೆಯದು ಮಂಕು."

"ಕುರ್ಚಿ ಒಂದ್ಸಲ ತಿರುಗಿಸಿಕೊಳ್ತೀರಾ ಸಾರ್? ಹಿಂದಿನ ಗೋಡೆ ಕಡೆಗೆ."

"ಇದೇನಮ್ಮ ಹೊಸ ಆಟ?" ಎಂದು ನಗುತ್ತಲೇ ತಿರುಗಿಸಿಕೊಂಡು ಕೂತು ಕಣ್ಣು ಮುಚ್ಚಿದರು. ಸದ್ದು ಮತ್ತೆ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಯಿತು.

"ಇದು ಮಂಕು," ಎಂದು ಬಲಗೈ ಎತ್ತಿದರು. "ಇದು ಸರಿಯಾಗಿದೆ," ಎಂದು ಎಡಗೈ ತೋರಿಸಿ ಕಣ್ಣು ಬಿಟ್ಟರು.

ಎಡಗೈ ಬೊಟ್ಟು ಮಾಡಿದ್ದು ಅವರು ಇಷ್ಟು ದಿನ ಮಂಕು ಎನ್ನುತ್ತಿದ್ದ ಮೂಲೆಯನ್ನೇ.

"ಇನ್ನೊಂದ್ಸಲ ಹಾಕು," ಎಂದರು. ಹಾಕಿದಳು. ಅವರು ಬಲಗಿವಿಯ ಮೇಲೆ ಅಂಗೈ ಮುಚ್ಚಿದರು, ತೆಗೆದರು, ಮತ್ತೆ ಮುಚ್ಚಿದರು. ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಅವಳು ಸದ್ದು ನಿಲ್ಲಿಸಿದಳು. ತನ್ನ ಹೆಸರು ಉಳಿಸಿಕೊಂಡ ಸಮಾಧಾನ ಎಲ್ಲೋ ಹೋಗಿ, ಅಳು ಬರುವಂತಾಯಿತು.

ಬಾಗಿಲಿನಿಂದ ಹೆಂಡತಿ ನಿಧಾನವಾಗಿ ಕೇಳಿದರು: "ಎಷ್ಟು ದಿನದಿಂದ ಹೀಗೆ?"

"ಗೊತ್ತಿಲ್ಲ ಕಣೆ."

"ಊಟಕ್ಕೆ ನಿಮ್ಮ ಬಲಗಡೆ ಕೂತು ನಾನೇನಾದ್ರೂ ಅಂದ್ರೆ ನೀವು ಬೇಕಂತಲೇ ಸುಮ್ನಿರ್ತೀರ ಅಂದ್ಕೊಂಡಿದ್ದೆ. ಆಮೇಲೆ ಹೇಳೋದೇ ಬಿಟ್ಟೆ."

ಸಾರ್ ಎದ್ದರು. ಕುರ್ಚಿಯನ್ನು ಮೊದಲಿನಂತೆ ಟಿವಿಯ ಕಡೆ ತಿರುಗಿಸಿ, ಕಾಲುಗಳನ್ನು ಗುರುತಿನ ಮೇಲೆ ಸರಿಯಾಗಿ ಕೂರಿಸಿದರು.

"ಆ ಮೈಕ್ ಹಾಕಿ ಸಮ ಮಾಡ್ಕೊಡ್ಲಾ ಸಾರ್?" ಎಂದಳು ಕಾಯಿಲ್ ಅಕ್ಕ.

"ಬೇಡ," ಎಂದು ಹೆಂಡತಿಯನ್ನು ಕರೆದರು. "ಬಾ ಇಲ್ಲಿ, ಕೂತ್ಕೋ."

"ನಂಗೇನು ಗೊತ್ತಾಗುತ್ತೆ ಇದೆಲ್ಲ?"

"ಗೊತ್ತಾಗುತ್ತೆ. ಎರಡೂ ಒಂದೇ ಸಮ ಅನ್ಸಿದಾಗ ಕೈ ಎತ್ತು."

ಆಕೆ ಸೆರಗಿಗೆ ಕೈ ಒರೆಸಿಕೊಂಡು ಕುರ್ಚಿಯ ತುದಿಯಲ್ಲಿ ಕೂತರು. ಸಾರ್ ಬಲಗಡೆಯದನ್ನು ಮತ್ತೆ ಹತ್ತಕ್ಕೆ ಏರಿಸಿದರು. ಸದ್ದು ಆ ಮೂಲೆಗೆ ಬಂದಾಗ ಆಕೆ ಬೆಚ್ಚಿ ಭುಜ ಕುಗ್ಗಿಸಿದರು.

"ಇಷ್ಟೊಂದಾ!"

ಸಾರ್ ಒಂಬತ್ತಕ್ಕೆ ಇಳಿಸಿದರು. ಎಂಟಕ್ಕೆ. ಪ್ರತಿ ಸಲವೂ ಸದ್ದು ಎಡಕ್ಕೆ ಹೋಗಿ ಬಲಕ್ಕೆ ಬರುವವರೆಗೆ ಕಾದರು. ಈ ಸಲ ಕಣ್ಣು ಮುಚ್ಚಲಿಲ್ಲ, ಆಕೆಯ ಕೈಯನ್ನೇ ನೋಡುತ್ತಿದ್ದರು. ಐದಾಯಿತು, ಮೂರಾಯಿತು. ಒಂದಕ್ಕೆ ಬಂದಾಗ ಕೈ ಅನುಮಾನಿಸುತ್ತ ಭುಜದವರೆಗೆ ಎದ್ದಿತು.

"ಸಮ ಇದೆಯಾ?"

"ಇದೆ."

ಅವರು ಮತ್ತೊಮ್ಮೆ ಕೇಳಿ ನೋಡಲಿಲ್ಲ. ಅಲ್ಲಿಗೇ ಬಿಟ್ಟು ರಿಮೋಟ್ ಕೆಳಗಿಟ್ಟರು. ಇಳಿಸು ಎಂದು ಯಾರೂ ಹೇಳದ್ದರಿಂದ ಆಕೆ ಕೈ ಎತ್ತಿಕೊಂಡೇ ಕೂತಿದ್ದರು.