ಕೇಳಿದಾಗ ಬಾರದ ಮಾತು

ಅನಾಥ ಬಾಲಕಿಯರ ನಿಲಯದ ಹುಡುಗಿಯರು ಅವಳಿಗೆ ‘ಸೈಲೆಂಟು’ ಎಂದು ಹೆಸರಿಟ್ಟಿದ್ದರು. ಹದಿನಾರು ತುಂಬಿದ್ದರೂ ಹೊಸಬರೆದುರು ಅವಳ ಬಾಯಿ ಕಟ್ಟಿಹೋಗುತ್ತಿತ್ತು. ತಂಗಿ ಪುಟ್ಟಿ ಅರಳು ಹುರಿದಂತೆ ಮಾತಾಡುವವಳು. ಅಕ್ಕನ ಪಾಲಿನದನ್ನೂ ಅವಳೇ ಆಡಿ ಮುಗಿಸುತ್ತಿದ್ದಳು.

ತಾಯಿ ತೀರಿಕೊಂಡ ಮೇಲೆ ಇಬ್ಬರೂ ಕೆಲಕಾಲ ಸೋದರತ್ತೆಯ ಮನೆಯಲ್ಲಿದ್ದರು. ಹಾಸಿಗೆ ಒದ್ದೆಯಾದಾಗಲೆಲ್ಲ ಅತ್ತೆ ಪುಟ್ಟಿಯನ್ನು ಬಚ್ಚಲಿಗೆ ನೂಕಿ ಹೊರಗಿನಿಂದ ಚಿಲಕ ಹಾಕುತ್ತಿದ್ದಳು. ಆಗ ಪುಟ್ಟಿ ತೀರಾ ಚಿಕ್ಕವಳು, ಅವಳಿಗೆ ನೆನಪಿಲ್ಲ. ಕೊನೆಗೆ ಇಬ್ಬರನ್ನೂ ನಿಲಯಕ್ಕೆ ತಂದು ಬಿಟ್ಟ ಅದೇ ಅತ್ತೆಗೆ ಈಗ ಹಸುಗೂಸು ಆಡಿಸಲು ಜನ ಬೇಕಾಗಿತ್ತು. ಚಿಕ್ಕವಳನ್ನು ಸಾಕುತ್ತೇನೆ ಎಂದು ಬಂದಳು.

“ಮೇಡಂ ಕೇಳಿದಾಗ ಬಚ್ಚಲ ವಿಷಯ ಹೇಳ್ಬಿಡು. ನಾನು ಹೇಳೋಕೆ ಹೋದ್ರೆ ‘ನೀವು ಕಣ್ಣಾರೆ ಕಂಡ್ರಾ’ ಅಂತಾರೆ,” ಎಂದಳು, ಅವಳ ಬಾಯಿಂದಲೇ ಅದನ್ನೆಲ್ಲ ಕೇಳಿದ್ದ ನಿಲಯದ ಅಡುಗೆಯಕ್ಕ. ಪಾತ್ರೆ ತೊಳೆಯುತ್ತಾ ಹುಡುಗಿ ಆ ಮಾತನ್ನೇ ಹೇಳಿ ಹೇಳಿ ನೋಡಿಕೊಂಡಳು. ನಲ್ಲಿಯ ಸದ್ದಿನಲ್ಲಿ ಅದು ಸಲೀಸಾಗಿ ಬರುತ್ತಿತ್ತು.

ಕಚೇರಿ ಕೋಣೆಯಲ್ಲಿ ಅತ್ತೆ ಪುಟ್ಟಿಯ ಜಡೆ ನೇವರಿಸುತ್ತಾ ಕೂತಿದ್ದಳು.

“ನಿನಗೇನನ್ಸುತ್ತಮ್ಮ? ತಂಗೀನ ಕಳಿಸೋಣ್ವಾ?” ನಿಲಯದ ಅಧಿಕಾರಿಣಿ ಕೇಳಿದರು.

ಹುಡುಗಿ ಬಾಯಿ ತೆರೆದಳು, ಉಸಿರು ಕೂಡ ಹೊರಡಲಿಲ್ಲ.

“ನಾನು ಹೋಗಲ್ಲ! ಹೇಳೇ ಅಕ್ಕ!” ಪುಟ್ಟಿ ಕೂಗಿದಳು.

“ದೊಡ್ಡೋಳು ಮೊದ್ಲಿಂದ್ಲೂ ಹೀಗೇ ಮೇಡಂ, ಪಾಪ. ಅವಳಿಗೂ ಒಪ್ಪಿಗೇನೇ,” ಎಂದಳು ಅತ್ತೆ.

ಅಧಿಕಾರಿಣಿ ಬಾಗಿಲ ಕಡೆ ನೋಡಿದರು. ಹೊರಗೆ ಬೇರೆಯವರು ಕಾದು ಕೂತಿದ್ದರು. “ಸರಿ ಹಾಗಾದ್ರೆ,” ಎಂದರು.

ಪುಟ್ಟಿಯನ್ನು ಕಳಿಸಿದ ಮುಂದಿನ ವಾರ ಹುಡುಗಿ ತಾನೇ ಆ ಕೋಣೆಗೆ ಹೋದಳು. ಬಿಕ್ಕುತ್ತಾ, ತೊದಲುತ್ತಾ ಎಲ್ಲವನ್ನೂ ಹೇಳಿದಳು.

“ಕೇಳಿದಾಗ ಸುಮ್ನಿದ್ದು ಈಗ ಹೇಳಿದ್ರೆ ಹೇಗಮ್ಮ? ತಂಗಿಗೆ ಮನೆ ಸಿಕ್ತು ಅಂತ ಹೊಟ್ಟೆಕಿಚ್ಚಲ್ಲ ತಾನೇ?” ಎಂದರು ಅಧಿಕಾರಿಣಿ. ಆದರೂ ಅಲ್ಲೇ ಅತ್ತೆಗೆ ಫೋನು ಮಾಡಿ, ಪುಟ್ಟಿಯ ಕೈಗೆ ಕೊಡಿಸಿ, ಹುಡುಗಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

“ಹೇಗಿದೀಯ ಪುಟ್ಟಿ?”

“ಚೆನ್ನಾಗಿದೀನಿ ಮೇಡಂ.”

ಆಮೇಲೆ ಮಾತಿಲ್ಲ. ಹಿಂದೆ ಕೂಸು ಅಳುವುದು ಕೇಳುತ್ತಿತ್ತು.

“ಅಕ್ಕ ಇಲ್ಲೇ ಇದ್ದಾಳೆ, ಮಾತಾಡ್ತೀಯಾ?”

“ಬೇಡ.”

ಫೋನು ಕಟ್ಟಾಯಿತು. “ನೋಡಿದ್ಯಾ? ಆರಾಮಾಗಿದಾಳೆ,” ಎಂದರು ಅಧಿಕಾರಿಣಿ.

ಹೊರಬಂದವಳನ್ನು ಅಡುಗೆಯಕ್ಕ ಬಾಗಿಲಲ್ಲೇ ತಡೆದಳು. “ಹೇಳಿದ್ಯೇನೇ?”

“ಹೇಳ್ದೆ ಅಕ್ಕ,” ಎಂದಳು ಸ್ಪಷ್ಟವಾಗಿ. ಒಳಗೆ ಹೋಗಿ ಗೋಡೆಯ ಕಡೆ ಮುಖಮಾಡಿ ಮಲಗಿದಳು. ಊಟಕ್ಕೆ ಕರೆದರೂ ಏಳಲಿಲ್ಲ.