ಗಡಿಯಾರಗಳ ದನಿ ಕುಗ್ಗಿದಾಗ

ಪೀಣ್ಯದ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತಳಾದವಳು ನಾನು. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಂಡು ಬದುಕಿದವಳಿಗೆ ಮನೆಯಲ್ಲೂ ಏನಾದರೂ ಬೇಕಲ್ಲ! ಕೀ ಕೊಡುವ ಹಳೇ ಗೋಡೆ ಗಡಿಯಾರಗಳನ್ನು ತಂದು, ಬಿಚ್ಚಿ, ಎಣ್ಣೆ ಹಾಕಿ ಓಡಿಸುವ ಹುಚ್ಚು ಹಿಡಿಯಿತು. ಈಗ ಮನೆಯಲ್ಲಿ ಐದಿವೆ. ನಮ್ಮ ಯಜಮಾನರು ಸೊಣ್ಣಪ್ಪನವರು ಮಾತ್ರ ಟೈಮು ನೋಡುವುದು ಮೊಬೈಲಿನಲ್ಲಿ.

ಮಾದನಾಯಕನಹಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಯಾದಗಿರಿ ಕಡೆಯ ಅಮರಪ್ಪ ಮತ್ತು ಸುಮಂಗಲಾ ಬಾಡಿಗೆಗಿದ್ದಾರೆ. ಅವನಿಗೆ ಗೋಡೌನಿನಲ್ಲಿ ರಾತ್ರಿ ಪಾಳಿ, ಹಗಲು ನಿದ್ದೆ. ಅವಳ ಕೈಯಲ್ಲಿ ಪುಟ್ಟ ಹೆಣ್ಣುಕೂಸು.

ನಾನು ಅರವತ್ತೈದು ದಾಟಿದ ಮೇಲೆ ಗಡಿಯಾರಗಳಿಗೆ ವಯಸ್ಸಾಗತೊಡಗಿತು. ನನಗಲ್ಲ, ಅವಕ್ಕೆ. ಮೊದಲೆಲ್ಲ ಹಾಲಿನ ಗಡಿಯಾರ ಗಂಟೆ ಹೊಡೆದರೆ ಬೀದಿಯಲ್ಲಿ ಸೊಪ್ಪಿನವನು ತಿರುಗಿ ನೋಡುತ್ತಿದ್ದ. ಈಗ ಅಡುಗೆಮನೆಯವರೆಗೂ ಕೇಳುವುದಿಲ್ಲ. ತುಮಕೂರು ರಸ್ತೆಯ ಲಾರಿ ಧೂಳು ಒಳಗೆ ಸೇರಿದೆ ಎಂದುಕೊಂಡು ಬಿಚ್ಚಿ ತೊಳೆದೆ. ಸ್ಪ್ರಿಂಗ್ ಬದಲಿಸಿದೆ. ಏನೂ ಉಪಯೋಗವಾಗಲಿಲ್ಲ. ಕೊನೆಗೆ ಗಂಟೆ ಹೊಡೆಯುವ ಪುಟ್ಟ ಸುತ್ತಿಗೆಯ ತುದಿಗೆ ಅಂಟಿಸಿದ್ದ ಚರ್ಮವನ್ನೇ ಕಿತ್ತುಹಾಕಿದೆ. ಲೋಹಕ್ಕೆ ಲೋಹವೇ ಬಡಿಯಲಿ! ತುಸು ಜೀವ ಬಂದಂತಾಯಿತು. ಸ್ಟೂಲಿನಿಂದ ಇಳಿಯಲು ಯಜಮಾನರ ಹೆಗಲು ಬೇಕಾಯಿತು. ಅದಕ್ಕೆ ಸ್ಟೂಲನ್ನು ಬೈದೆ.

“ಹೇಗಿದೆ ರೀ ಈಗ?” ಎಂದು ಕೇಳಿದೆ.

ಅವರು ಪೇಪರಿನಿಂದ ತಲೆಯೆತ್ತದೆ “ಸರಿಯಾಗಿದೆ” ಅಂದರು. ನನ್ನ ಕಿವಿಗೆ ಬಿದ್ದದ್ದು ಹಾಗೆ. ಅಪರೂಪಕ್ಕೆ ಮೆಚ್ಚಿಕೊಂಡರಲ್ಲ ಎಂಬ ಹುರುಪಿನಲ್ಲಿ ಉಳಿದ ನಾಲ್ಕರ ಚರ್ಮವನ್ನೂ ಕಿತ್ತೆ.

ಕೆಲವು ವಾರಗಳ ಮೇಲೆ ಸುಮಂಗಲಾ ಕೂಸನ್ನು ಸೊಂಟಕ್ಕಿಟ್ಟುಕೊಂಡು ಕೆಳಗೆ ಬಂದಳು. “ಅಮ್ಮಾರ, ಮುಂದಿನ ತಿಂಗಳ ಮನಿ ಖಾಲಿ ಮಾಡ್ತೀವ್ರೀ.”

ಎರಡು ಸಲ ಹೇಳಿಸಿಕೊಂಡ ಮೇಲೆ ಅರ್ಥವಾಯಿತು. “ಯಾಕಮ್ಮ, ನೀರು ಸರಿಯಾಗಿ ಬರ್ತಿಲ್ವಾ?”

“ನೀರು ಬರ್ತಾವ್ರೀ. ನೀವೂ ಚಲೋ ಅದೀರಿ.” ಅವಳು ಗೋಡೆಯ ಕಡೆ ನೋಡಿದಳು. “ಗಡಿಯಾರದ್ದ ತ್ರಾಸ ಆಗೈತ್ರೀ. ಇವ್ರು ಪಾಳಿ ಮುಗಿಸಿ ಬಂದು ಮಕ್ಕೊಂಡ್ರ ತಾಸಿಗೊಮ್ಮೆ ಎದ್ದು ಕುಂದರ್ತಾರ. ಕೂಸು ಬೆಚ್ಚಿ ಬೀಳ್ತೈತಿ.”

ನನಗೆ ರೇಗಿಹೋಯಿತು. “ಈ ಗಡಿಯಾರಾನಾ? ಪಕ್ಕದಲ್ಲಿ ನಿಂತ್ರೂ ಕೇಳಲ್ಲ ಕಣಮ್ಮ! ಹನ್ನೆರಡಾಗ್ತಾ ಬಂತು, ಇಲ್ಲೇ ನಿಂತ್ಕೋ, ನೀನೇ ನೋಡು.”

ಗಂಟೆ ಹೊಡೆಯತೊಡಗಿತು. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆಯ ಅಂಚಿಗೆ ಸೌಟು ಕೊಡವಿದಷ್ಟು ಕೇಳಿಸಿತು. “ನೋಡಿದ್ಯಾ?” ಎಂದು ಗೆದ್ದವಳ ಹಾಗೆ ತಿರುಗಿದೆ. ಸುಮಂಗಲಾ ಕೂಸಿನ ತಲೆಯನ್ನು ಎದೆಗೊತ್ತಿಕೊಂಡು ಅದರ ಕಿವಿ ಮುಚ್ಚಿದ್ದಳು. ಕೂಸಿನ ಮುಖ ಕೆಂಪಾಗಿತ್ತು, ಬಾಯಿ ಅಗಲವಾಗಿ ತೆರೆದಿತ್ತು. ಅದು ಅಳುತ್ತಿದೆ ಎಂದು ನಾನು ನೋಡಿ ತಿಳಿದುಕೊಂಡೆ.

ಕುರ್ಚಿಯಲ್ಲಿ ಕೂತುಬಿಟ್ಟೆ. ಐದು ಗಡಿಯಾರಗಳ ಹೊಟ್ಟೆ ಬಗೆದು ನೋಡಿದ ಇನ್‌ಸ್ಪೆಕ್ಟರಮ್ಮನಿಗೆ ತನ್ನ ಕಿವಿಯೂ ಇದರಲ್ಲಿ ಒಂದು ಭಾಗ ಎಂದು ಹೊಳೆದೇ ಇರಲಿಲ್ಲ.

“ಒಂದು ವಾರ ತಡಿಯಮ್ಮ,” ಅಂದೆ. ಐದು ಲೋಲಕಗಳನ್ನೂ ಹಿಡಿದು ನಿಲ್ಲಿಸಿದೆ.

ಯಜಮಾನರು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ನಿವೇದಿತಾ ಅನ್ನುವ ಹುಡುಗಿ ನನ್ನನ್ನು ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಬೀಪ್ ಕೇಳಿದಾಗೆಲ್ಲ ಗುಂಡಿ ಒತ್ತಲು ಹೇಳಿದಳು. ಆಗೊಂದು ಈಗೊಂದು ಕೇಳಿಸಿತು, ಒತ್ತಿದೆ. ಆಮೇಲೆ ಏನೂ ಇಲ್ಲ. ಬಹಳ ಹೊತ್ತು ಕಾದು, “ಮುಂದಿಂದು ಯಾವಾಗ ಶುರು ಮಾಡ್ತೀಯಮ್ಮ?” ಎಂದೆ. ಅವಳು ಬಾಗಿಲು ತೆಗೆದು ನಕ್ಕಳು. “ಮುಗೀತು ಹೇಮಲತಾ ಮೇಡಂ.”

ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಮನೆಗೆ ಬಂದು, ಪರೀಕ್ಷೆಗೆಂದು ಹಾಲಿನ ಗಡಿಯಾರವೊಂದನ್ನೇ ಓಡಿಸಿದೆ. ಅದು ನಾಲ್ಕು ಹೊಡೆಯಿತು. ಕಾಫಿ ಸೀರೆಯ ಮೇಲೆ ಚೆಲ್ಲಿತು.

“ಅಯ್ಯಯ್ಯೋ! ಇದನ್ನ ಹೇಗ್ರೀ ಸಹಿಸಿದ್ರಿ? ನೀವೇ ಸರಿಯಾಗಿದೆ ಅಂದಿದ್ರಲ್ಲ!”

“ಸಾಕಾಗಿದೆ ಅಂದಿದ್ದು ಕಣೆ.”

ಸೀರೆಯ ಮೇಲಿನ ಕಾಫಿ ಒರೆಸುತ್ತ ಕೇಳಿದೆ. “ಇನ್ನೂ ಏನೇನು ಅಂದಿದ್ರಿ ಇಷ್ಟು ದಿನ?”

ಅವರು ಪೇಪರ್ ಮಡಿಸಿಟ್ಟರು. “ಬಿಡು. ಈಗ ಕೇಳ್ಸುತ್ತಲ್ಲ, ಇನ್ಮೇಲೆ ಅನ್ನಲ್ಲ.”

ಹಳೇ ಪರ್ಸ್ ಕತ್ತರಿಸಿ ಆ ಗಡಿಯಾರದ ಸುತ್ತಿಗೆಗೆ ದಪ್ಪ ಚರ್ಮ ಅಂಟಿಸಿದೆ. ಉಳಿದ ನಾಲ್ಕು ಗಡಿಯಾರಗಳು ಗಂಟೆ ಹೊಡೆಯದಂತೆ ಕಟ್ಟಿಹಾಕಿ, ಸುಮ್ಮನೆ ಓಡಲು ಬಿಟ್ಟೆ. ಐದು ಹೊಡೆಯುವಾಗ ಸುಮಂಗಲಾಳನ್ನು ಮೇಲೆ ನಿಲ್ಲಿಸಿದೆ.

“ಏನೂ ಕೇಳವಲ್ದ್ರೀ ಅಮ್ಮಾರ!” ಎಂದು ಅವಳು ಮೆಟ್ಟಿಲಿನಿಂದ ಕೂಗಿದಳು. ನನಗೆ ಕೇಳಿಸಿತು.

ಅವರು ಮನೆ ಬಿಡಲಿಲ್ಲ. ಈಗ ಭಾನುವಾರ ಸ್ಟೂಲು ಹತ್ತಿ ಕೀ ಕೊಡುವವನು ಅಮರಪ್ಪ. ನಾನು ಕೆಳಗೆ ನಿಂತು “ನಿಧಾನ, ನಿಧಾನ” ಎಂದು ಅವನ ಜೀವ ತಿನ್ನುತ್ತೇನೆ. ಆ ಹೊತ್ತಿಗೆ ಕೂಸು ನನ್ನ ತೋಳಿನಲ್ಲಿರುತ್ತದೆ. ಅದಕ್ಕೆ ಗಡಿಯಾರ ಬೇಡ, ನನ್ನ ಕಿವಿಯಲ್ಲಿರುವ ಯಂತ್ರವೇ ಬೇಕು. ಮೊನ್ನೆ ಎಳೆದು ಬಾಯಿಯ ಹತ್ತಿರ ಒಯ್ದಿತ್ತು. ಆ ಪುಟ್ಟ ಮುಷ್ಟಿ ಬಿಡಿಸುವಷ್ಟರಲ್ಲಿ ನನಗೆ ಏದುಸಿರು ಬಂತು.