ಬಲಗೈಯ ಉಗುರುಗಳು

ಬೆಳಿಗ್ಗೆ ಆರೂಮುಕ್ಕಾಲಿಗೆ ಇನ್ನೂರ ಹತ್ತು ಹೆಂಗಸರು ನನ್ನ ಮುಂದೆ ಕೈ ಚಾಚುತ್ತಾರೆ. ಮೊದಲು ಅಂಗೈ, ಆಮೇಲೆ ಹಿಂಗೈ, ಕೊನೆಗೆ ಬೆರಳು ಬಿಡಿಸಿ. ಉಂಗುರ, ಬಣ್ಣ, ಗಾಯದ ಪಟ್ಟಿ, ಬೆಳೆದ ಉಗುರು, ಯಾವುದೇ ಒಂದು ಕಂಡರೂ ಅವತ್ತು ಬಿಸ್ಕತ್ತು ಕಾರ್ಖಾನೆಯ ಒಳಬಾಗಿಲು ದಾಟುವಂತಿಲ್ಲ. ಹದಿನಾರು ವರ್ಷದಿಂದ ಇದೇ ನನ್ನ ಕೆಲಸ. ಮುಖ ಮರೆತರೂ ಕೈ ಮರೆಯುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ ಕಂಬಿ ಹಿಡಿದ ಕೈ ನೋಡಿ ಗುರುತು ಹಚ್ಚುತ್ತೇನೆ. ಬೆನ್ನ ಹಿಂದೆ ನನ್ನನ್ನು ಉಗುರಮ್ಮ ಅನ್ನುತ್ತಾರೆ. ಅನ್ನಲಿ, ನನಗೇನು ನೋವಿಲ್ಲ.

ಇಂಥ ಉಗುರಮ್ಮ ಎಂಟು ತಿಂಗಳಿಂದ ತನ್ನ ಬಲಗೈಯ ಐದೂ ಉಗುರು ಬೆಳೆಸಿಕೊಂಡು, ಮೇಲೊಂದು ಬಿಳಿ ಬಟ್ಟೆಯ ಗ್ಲೌಸ್ ಹಾಕಿಕೊಂಡು, ಊರವರ ಉಗುರು ನೋಡುತ್ತಿದ್ದಳು. ಕೇಳಿದರೆ ಅಲರ್ಜಿ ಅನ್ನಬೇಕೆಂದು ಸುಳ್ಳೊಂದನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಯಾರೂ ಕೇಳಲೇ ಇಲ್ಲ. ನೋಡುವವಳ ಕೈ ನೋಡುವುದು ಯಾರ ಕೆಲಸವೂ ಆಗಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಗಿಟಾರ್. ಮೂರು ವರ್ಷದ ಹಿಂದೆ, ನಲವತ್ತೊಂದರ ಹೆಂಗಸು ನಾನು, ಬೀಗದ ಕೈ ಮಾಡಿಸಲು ಒಂದು ಅಂಗಡಿಗೆ ಹೋಗಿದ್ದೆ. ಮಹಡಿಯ ಮೇಲೆ ಯಾರೋ ರಂಪ ಮಾಡುತ್ತಿರುವ ಸದ್ದು. ಜಗಳವಿರಬೇಕೆಂದು ಆಸೆಯಿಂದ ಮೆಟ್ಟಿಲು ಹತ್ತಿದರೆ, ಮುದುಕರೊಬ್ಬರು ಕುರ್ಚಿಯಲ್ಲಿ ಕೂತು ಗಿಟಾರ್ ಬಾರಿಸುತ್ತಿದ್ದಾರೆ, ಎದುರಿಗೆ ಆರು ಹೆಂಗಸರು ಮರದ ನೆಲಕ್ಕೆ ಹಿಮ್ಮಡಿ ಬಡಿಯುತ್ತ ಕುಣಿಯುತ್ತಿದ್ದಾರೆ. ಅದು ಸ್ಪೇನ್ ದೇಶದ ಫ್ಲಾಮೆಂಕೊ ಎಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ತಿಳಿದದ್ದು ಇಷ್ಟೇ: ನಾನು ಹುಟ್ಟಿದಾಗಿನಿಂದ ನುಂಗಿಕೊಂಡದ್ದನ್ನೆಲ್ಲ ಆ ಮುದುಕರು ಬೆರಳಲ್ಲಿ ಹೊರಗೆ ಹಾಕುತ್ತಿದ್ದರು. ಬೀಗದ ಕೈ ಮರೆತು ಮನೆಗೆ ಬಂದೆ. ಮಾರನೆಯ ಭಾನುವಾರವೇ ಅವರು ನನಗೆ ಮೇಷ್ಟ್ರಾದರು.

ಕಲಿಯುವುದು ಸುಲಭವಿರಲಿಲ್ಲ. ಬೇರೆ ಗಿಟಾರಿನವರು ತಂತಿ ಮೀಟುತ್ತಾರೆ. ಇಲ್ಲಿ ಕಿರುಬೆರಳಿಂದ ಶುರು ಮಾಡಿ ಬೆರಳುಗಳನ್ನು ಒಂದರ ಹಿಂದೊಂದು ಹೊರಕ್ಕೆ ಚಿಮ್ಮಬೇಕು, ತೋಳ ಮೇಲಿನ ಇರುವೆ ಕೊಡವಿದ ಹಾಗೆ. ಹನ್ನೆರಡು ಏಟಿನ ಒಂದು ಸುತ್ತು. ಒತ್ತು ಬೀಳುವುದು ಮೂರು, ಆರು, ಎಂಟು, ಹತ್ತು, ಹನ್ನೆರಡಕ್ಕೆ. ಸುತ್ತು ತಪ್ಪಿತೋ, ಕುಣಿಯುವವಳು ಕಾಲೆತ್ತಿದವಳು ಎತ್ತಿದ ಹಾಗೇ ನಿಲ್ಲಬೇಕು. ನಾನಿರುವುದು ತಮ್ಮನ ಮನೆಯಲ್ಲಿ. ಬಟ್ಟೆ ಒಗೆಯುವ ಕೋಣೆಯ ಬಾಗಿಲು ಹಾಕಿಕೊಂಡು, ತಂತಿಯ ಕೆಳಗೆ ಕಾಲುಚೀಲ ತುರುಕಿ ಅಭ್ಯಾಸ ಮಾಡುತ್ತಿದ್ದೆ. ಆದರೂ ತಮ್ಮನ ಹೆಂಡತಿ ಬಾಗಿಲಾಚೆಯಿಂದ, "ಅತ್ತಿಗೆ, ಒಳಗೆ ಇಲಿ ಸೇರ್ಕೊಂಡಿದೆಯಾ ನೋಡಿ" ಅನ್ನುತ್ತಿದ್ದಳು.

ಎರಡು ವರ್ಷ ಬೋಳು ಬೆರಳಲ್ಲಿ ಬಾರಿಸಿದೆ. ಕೈ ತಿರುಗುತ್ತಿತ್ತು, ಸದ್ದು ಮಾತ್ರ ಹಿಟ್ಟು ತಟ್ಟಿದ ಹಾಗಿತ್ತು. "ಉಗುರು ಬೇಕಮ್ಮ," ಅಂದರು ಮೇಷ್ಟ್ರು. "ಉಗುರಿಲ್ದೆ ನೀವು ಬಾರಿಸೋದು ನಿಮಗೆ ಮಾತ್ರ ಕೇಳ್ಸುತ್ತೆ." ಉಗುರು ಸೀಳದಂತೆ ತೆಳು ಕಾಗದದ ಚೂರಿಟ್ಟು ಮೇಲೆ ಅಂಟು ಬಳಿಯುವುದನ್ನೂ ಅವರೇ ಕಲಿಸಿದರು. ಈ ಚಳಿಗಾಲದಲ್ಲಿ ಅವರ ಹೆಬ್ಬೆರಳ ಕೀಲು ಊದಿ ಮಡಚಲು ಬಾರದಾಯಿತು. ಮುಂದಿನ ತಿಂಗಳ ಮೊದಲ ಭಾನುವಾರದಿಂದ ಕುಣಿಯುವವರ ಮುಂದಿನ ಕುರ್ಚಿಯಲ್ಲಿ ನಾನೇ ಕೂರಬೇಕೆಂದು ಹೇಳಿದರು. ನಲವತ್ತನಾಲ್ಕು ವರ್ಷದಲ್ಲಿ ಯಾರೂ ನನಗೆ ಹೀಗೊಂದು ಜಾಗ ಕೊಟ್ಟಿರಲಿಲ್ಲ. ಆ ಕುರ್ಚಿಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ, ಮಾಡಿಯೂ ಬಿಟ್ಟೆ.

ನಾಲ್ಕನೇ ಟೇಬಲ್ಲಿನಲ್ಲಿ ಪ್ಯಾಕ್ ಮಾಡುವವಳಿಗೆ ಎಲ್ಲರೂ ರೇಡಿಯೋ ಅನ್ನುತ್ತಾರೆ. ಹಾಕಿದರೆ ಆರಿಸಲು ಬರುವುದಿಲ್ಲ. ಒಂದು ದಿನ ಹನ್ನೊಂದರ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ನನ್ನ ಬಳಿ ಬಂದಳು. ಜಾಗ ಬಿಟ್ಟು ಎದ್ದದ್ದಕ್ಕೆ ಆಗಲೇ ಎರಡು ಸಲ ಎಚ್ಚರಿಕೆಯ ಕಾಗದ ತಗೊಂಡಿದ್ದಳು, ಮೂರನೆಯದು ಬಂದರೆ ಮನೆಯೇ. "ಬಟ್ಟೆ ಬದಲಾಯಿಸೋ ರೂಮಲ್ಲಿ ಹೋಗಿ ಮಲ್ಕೋ, ನಾನು ಕೂತಿರ್ತೀನಿ," ಎಂದೆ. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಒಳಗೆ ಬಟ್ಟೆಯ ಗ್ಲೌಸ್ ನಡೆಯುವುದಿಲ್ಲ, ಅದಕ್ಕೆ ರಬ್ಬರಿನದು ಹಾಕಿಕೊಂಡು ಒಂದು ಗಂಟೆ ಅವಳ ಜಾಗದಲ್ಲಿ ಬಿಸ್ಕತ್ತು ತುಂಬಿದೆ. ಬಿಚ್ಚುವಾಗ ರಬ್ಬರಿನ ಒಂದು ಬೆರಳ ತುದಿ ಹರಿದಿತ್ತು. ಸಂಜೆ ನೋಡಿದರೆ ಉಂಗುರಬೆರಳಿನ ಉಗುರಿನ ತುದಿ ಇಲ್ಲ. ಬಸ್ಸಿನಲ್ಲಿ ಮುರಿದಿರಬೇಕೆಂದುಕೊಂಡೆ. ಅಂದುಕೊಳ್ಳುವುದು ಸುಖವಾಗಿತ್ತು.

ಹತ್ತೊಂಬತ್ತು ದಿನ ಕಳೆದ ಮೇಲೆ, ಒಂದು ಬುಧವಾರ, ಮ್ಯಾನೇಜರ್ ಕರೆದರು. ಮೇಜಿನ ಮೇಲೆ ಪುಟ್ಟ ಪ್ಲಾಸ್ಟಿಕ್ ಚೀಲ. ಯಾರೋ ಗಿರಾಕಿ ಪ್ಯಾಕೆಟ್ಟಿನ ಸಮೇತ ಕಳಿಸಿದ್ದರಂತೆ. ಚೀಲದೊಳಗಿನ ಚೂರಿನ ಮೇಲೆ ಅಂಟಿನ ಹೊಳಪು, ಅದರಡಿಯಲ್ಲಿ ಕಾಗದದ ನೂಲಿನಂಥ ಗೆರೆ. ಗ್ಲೌಸಿನೊಳಗೆ ಬೆರಳು ಮಡಚಿಕೊಂಡೆ.

"ಪ್ಯಾಕೆಟ್ಟಿನ ಮುದ್ರೇಲಿ ನಾಲ್ಕನೇ ಟೇಬಲ್ ಅಂತಿದೆ," ಅಂದರು. "ಆ ತಾರೀಖಿನ ರಿಜಿಸ್ಟರಲ್ಲಿ ಅವರೇ ಇದಾರೆ."

"ಅವತ್ತು ಅವಳ ಕೈ ನಾನೇ ನೋಡಿದೀನಿ ಸರ್. ಉಗುರಿರ್ಲಿಲ್ಲ."

"ಇನ್ನೂರು ಕೈ ನೋಡ್ತೀರಿ ಮೇಡಂ. ಒಂದು ಕಣ್ತಪ್ಪಿರುತ್ತೆ, ಬಿಡಿ."

ರೇಡಿಯೋಳನ್ನು ಕರೆಸಿದರು. ಚೀಲ ನೋಡಿದಳು, ನನ್ನ ಬಿಳಿ ಗ್ಲೌಸ್ ನೋಡಿದಳು. ಈಗ ಬಾಯಿ ಬಿಡುತ್ತಾಳೆ, ಈಗ ಬಿಡುತ್ತಾಳೆ ಎಂದು ನಾನು ಕಾದೆ. ಅವಳು ತುಟಿ ಪಿಟಕ್ಕೆನ್ನದೆ ಆ ಮೂರನೆಯ ಕಾಗದಕ್ಕೆ ಸಹಿ ಹಾಕಿ ಏಪ್ರನ್ ಬಿಚ್ಚಿಟ್ಟು ಹೋದಳು. ನಾನು ಇಂಗು ತಿಂದ ಮಂಗನ ಹಾಗೆ ಅಲ್ಲೇ ನಿಂತಿದ್ದೆ.

ಮಾರನೆಯ ದಿನ ತಡೆಯಲಾಗಲಿಲ್ಲ. ಮಧ್ಯಾಹ್ನ ಮ್ಯಾನೇಜರ್ ಮುಂದೆ ಗ್ಲೌಸ್ ತೆಗೆದು ಕೈ ಚಾಚಿದೆ. "ಆ ಉಗುರು ನಂದು ಸರ್," ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವರು ಎದ್ದು ಹೋಗಿ ಬಾಗಿಲು ಹಾಕಿದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಮೇಡಂ, ನೀವೇನೂ ಹೇಳಿಲ್ಲ, ನಾನೇನೂ ಕೇಳಿಸ್ಕೊಂಡಿಲ್ಲ. ಪ್ಯಾಕ್ ಮಾಡೋರ ಉಗುರಾದ್ರೆ ಅದು ಒಂದು ಪ್ಯಾಕೆಟ್ಟಿನ ತಪ್ಪು. ನಿಮ್ಮದಾದ್ರೆ ಎಂಟು ತಿಂಗಳಿಂದ ಗೇಟಲ್ಲಿ ಏನ್ ನಡೀತಿತ್ತು ಅಂತ ಕೇಳ್ತಾರೆ. ಎಂಟು ತಿಂಗಳ ಮಾಲು ವಾಪಸ್ ತರಿಸ್ಬೇಕಾಗುತ್ತೆ. ಕಾರ್ಖಾನೆಗೆ ಬೀಗಾನೇ." ನನ್ನ ಉಗುರುಗಳ ಕಡೆ ಬೆರಳು ತೋರಿಸಿದರು. "ನಾಳೆ ಬೆಳಿಗ್ಗೆ ಕತ್ತರಿಸ್ಕೊಂಡು ಬನ್ನಿ. ಇನ್ಮೇಲೆ ದಿನಾ ನಿಮ್ಮ ಕೈ ನಾನೇ ನೋಡ್ತೀನಿ."

ಒಂದು ಕ್ಷಣ ನನಗೆ ಸಮಾಧಾನವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮೆಟ್ಟಿಲಿಳಿಯುವಷ್ಟರಲ್ಲಿ ನನ್ನ ಮೇಲೆ ನನಗೇ ಹೇಸಿಗೆ ಬಂತು. ಗೇಟಿನ ಪಕ್ಕದ ಬೆಂಚಿನಲ್ಲಿ ಕೂತು ಕಂಪನಿಯ ದೊಡ್ಡ ಆಫೀಸಿಗೆ ಕಾಗದ ಬರೆದೆ. ಉಗುರು ನನ್ನದು, ಆ ಜಾಗದಲ್ಲಿ ಕೂತವಳೂ ನಾನೇ, ಕೆಲಸ ಬಿಡುತ್ತಿದ್ದೇನೆ, ಅವಳನ್ನು ವಾಪಸ್ ಕರೆಸಿಕೊಳ್ಳಿ. ಬರೆದು ಮುಗಿಸಿದಾಗ ಎದೆ ಹಗುರಾಯಿತು. ಭಾನುವಾರಕ್ಕೆ ಇನ್ನು ಮೂರೇ ದಿನ. ಉಗುರೂ ಉಳಿಯುತ್ತದೆ, ಕುರ್ಚಿಯೂ ಉಳಿಯುತ್ತದೆ, ಸತ್ಯವನ್ನೂ ಹೇಳಿದ ಹಾಗಾಯಿತು.

ಕಾಗದ ಹಾಕುವ ಮೊದಲು ರೇಡಿಯೋಳ ಮನೆಗೆ ಹೋದೆ. ಒಂದೇ ಕೋಣೆ, ಅರ್ಧಕ್ಕೆ ಪರದೆ. ಪರದೆಯಾಚೆ ಅವಳ ಮಗಳ, ತಂಗಿಯ ಇನ್ನೊಂದು ಜೊತೆ ಏಪ್ರನ್‌ಗಳು ಒಣಗುತ್ತಿದ್ದವು. ಇಬ್ಬರೂ ಏಳನೇ ಟೇಬಲ್ಲಿನವರು, ಸಂಜೆಯ ಪಾಳಿಗೆ ಹೋಗಿದ್ದರು. ಅವಳು ನೆಲದ ಮೇಲೆ ದಿಂಬಿನ ಕವರುಗಳನ್ನು ಇಸ್ತ್ರಿ ಮಾಡುತ್ತಿದ್ದಳು.

"ಬನ್ನಿ ಅಕ್ಕ. ಇವತ್ತು ಗ್ಲೌಸ್ ಹಾಕಿಲ್ವಾ?"

"ನಿಂಗೆ ಗೊತ್ತಿತ್ತು."

"ಚೀಲ ನೋಡ್ದಾಗ್ಲೇ ಗೊತ್ತಾಯ್ತು. ನನ್ನ ಜಾಗದಲ್ಲಿ ಕೂತಿದ್ದವರು ನೀವೊಬ್ರೇ ತಾನೆ. ಏನಕ್ಕೆ ಅಂತ ಮಾತ್ರ ತಿಳೀಲಿಲ್ಲ. ಈ ವಯಸ್ಸಲ್ಲಿ ಯಾರಾದ್ರೂ ಗಂಟು ಬಿದ್ರಾ?"

ಗಿಟಾರಿನ ವಿಷಯ ಹೇಳಿದೆ. ಅವಳು ನಗಲಿಲ್ಲ. ಆಮೇಲೆ ಕಾಗದ ಓದಿದೆ. ಮುಗಿಯುವವರೆಗೂ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದೇ ಇದ್ದಳು.

"ಚೆನ್ನಾಗ್ ಬರ್ದಿದೀರಾ," ಅಂದಳು. "ಇದನ್ನ ಕಳ್ಸಿ ನೀವು ಹೋಗಿ ಗಿಟಾರ್ ಬಾರಿಸ್ತೀರಾ. ಕಾರ್ಖಾನೆ ಮುಚ್ಚಿದ್ರೆ ನಾನು ಯಾವ ಟೇಬಲ್ಲಿಗೆ ವಾಪಸ್ ಹೋಗ್ಲಿ? ನನ್ನ ಮಗಳು ಎಲ್ಲಿಗೆ ಹೋಗ್ತಾಳೆ?"

"ಮುಚ್ಚಲ್ಲ ಅವರು. ಹೆದರಿಸ್ತಾರೆ ಅಷ್ಟೆ."

"ನಿಮಗೆ ಗೊತ್ತಾ?"

ನನಗೆ ಗೊತ್ತಿರಲಿಲ್ಲ.

"ಆರು ತಿಂಗಳಾದ್ಮೇಲೆ ಹಳಬರನ್ನ ವಾಪಸ್ ತಗೋತಾರೆ. ಗೇಟಲ್ಲಿ ಕೈ ನೋಡೋರು ಸಹಿ ಹಾಕಿದ್ರೆ. ನೀವು ಇದ್ರೆ ಹಾಕ್ತೀರಾ. ಹೊಸಬರು ಬಂದ್ರೆ ನನ್ನ ಮುಖ ಯಾರು ನೋಡ್ತಾರೆ? ನೀವು ಅಲ್ಲೇ ಇರ್ಬೇಕು ಅಕ್ಕ. ಆರು ತಿಂಗಳಲ್ಲ, ಆಮೇಲೂ. ನಾನು ಸುಮ್ನಿದ್ದಿದ್ದು ಅದಕ್ಕೇ."

ಅವಳಿಗೆ ಸಿಟ್ಟು ಬಂದಿದ್ದರೆ ನಾನು ಜಗಳವಾಡುತ್ತಿದ್ದೆ. ಜಗಳದಲ್ಲಿ ನನ್ನನ್ನು ಗೆಲ್ಲುವವರು ಕಡಿಮೆ. ಅವಳು ಬೇಡಿಕೊಳ್ಳಲೂ ಇಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ಹೇಳಿದ ಹಾಗೆ ಹೇಳಿದಳು. ಬಾಗಿಲು ನನ್ನ ಬೆನ್ನಿಗೇ ಇತ್ತು, ತೆರೆದೇ ಇತ್ತು. ಎದ್ದು ಹೋಗಲು ನನಗೆ ಆಗಲಿಲ್ಲ. ಕಾಗದವನ್ನು ಮಡಚಿದೆ, ಮತ್ತೆ ಮಡಚಿದೆ, ಮಡಚಲು ಬಾರದಷ್ಟು ಚಿಕ್ಕದಾದ ಮೇಲೆ ಅಳು ಬಂತು.

ಅವಳು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ, ಗೂಡಿನಿಂದ ನೇಲ್ ಕಟರ್ ತಂದಳು. "ಮನೇಗೆ ಹೋದ್ರೆ ನೀವು ಕತ್ತರಿಸ್ಕೊಳ್ಳಲ್ಲ. ಕೊಡಿ ಇಲ್ಲಿ."

ಕೊಟ್ಟೆ. ಹದಿನಾರು ವರ್ಷದಲ್ಲಿ ಅವಳ ಕೈಯನ್ನು ನಾಲ್ಕು ಸಾವಿರ ಸಲವಾದರೂ ನೋಡಿದ್ದೇನೆ, ಅದು ಇಷ್ಟು ಬೆಚ್ಚಗಿದೆಯೆಂದು ಗೊತ್ತಿರಲಿಲ್ಲ. ಕಿರುಬೆರಳಿಂದ ಶುರು ಮಾಡಿದಳು. ಅಂಟು ಬಳಿದ ಉಗುರು ಒಂದೇ ಏಟಿಗೆ ತುಂಡಾಗುತ್ತಿರಲಿಲ್ಲ, ಎರಡೆರಡು ಸಲ ಒತ್ತಬೇಕಾಯಿತು. ಚೂರುಗಳನ್ನು ಹಾರಗೊಡದೆ ಅಂಗೈಯಲ್ಲಿ ಹಿಡಿಯುತ್ತಿದ್ದಳು. ನಾಲ್ಕು ಮುಗಿದು ಹೆಬ್ಬೆರಳಿಗೆ ಬಂದಾಗ ಕೈ ತಡೆದಳು.

"ಇನ್ನು ಬಾರ್ಸಕ್ಕೇ ಆಗಲ್ವಾ ಅಕ್ಕ?"

"ಬಾರಿಸ್ಬಹುದು," ಎಂದೆ. "ಕುಣಿಯೋರಿಗೆ ಕೇಳ್ಸಲ್ಲ."

ಅವಳು ನನ್ನ ಹೆಬ್ಬೆರಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ, "ಅಲ್ಲಾಡ್ಬೇಡಿ," ಎಂದು ಅದನ್ನೂ ತೆಗೆದಳು.